ಸಂತೆಕಟ್ಟೆಯ ಮೇಲೆ ನನ್ನದೊಂದು ಕಲ್ಲು

ಓದುವುದಕ್ಕೆ ಮೌನ ಬೇಕು ಎಂದು ಯಾರಾದರೂ ನನ್ನೆದುರು ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನೀವೂ ಹಾಗೆ ನಂಬಿದವರಾಗಿದ್ದರೆ ದಯವಿಟ್ಟು ಸ್ವಲ್ಪ ದೂರ ಕೂತು ಇದನ್ನು ಓದಿ. ಗಟ್ಟಿಯಾಗಿ ಓದಿದರೆ ಇನ್ನೂ ಸಂತೋಷ. ಮೌನ ಕೆಟ್ಟದ್ದು ಅಂತ ನಾನೇನೂ ಹೇಳುತ್ತಿಲ್ಲ. ಹಲ್ಲುನೋವಿದ್ದಾಗ ಮೌನ ಒಳ್ಳೆಯದು. ಬೀಗರ ಮನೆಯ ಸಾರಿಗೆ ಉಪ್ಪು ಕಡಿಮೆಯಾದಾಗಲಂತೂ ಬಹಳ ಒಳ್ಳೆಯದು. ಆದರೆ ಓದಿಗೂ ಮೌನಕ್ಕೂ ಮೊಟ್ಟಮೊದಲು ಗಂಟು ಹಾಕಿದ ಮಹಾನುಭಾವ ಯಾರೋ, ಅವನಿಗೆ ಮನೆಯಲ್ಲಿ ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಇತ್ತು, ಬಾಗಿಲ ಹೊರಗೆ ಕಾಫಿ ಲೋಟ ಹಿಡಿದು ನಿಲ್ಲಲು ಒಬ್ಬ ಹೆಂಗಸಿದ್ದಳು. ಇದನ್ನು ನಾನು ಎಲ್ಲಿ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ.

ಈ ಸಿಟ್ಟು ನನಗೆ ವಯಸ್ಸಾದ ಮೇಲೆ ಬಂದದ್ದಲ್ಲ. ಐವತ್ತರ ದಶಕದ ಕೊನೆಯಲ್ಲಿ, ಎರಡು ಜಡೆ ಇಳಿಬಿಟ್ಟುಕೊಂಡು ಕಾಲೇಜಿಗೆ ಹೋದಾಗಿನಿಂದ ಜತನವಾಗಿ ಕಾಪಾಡಿಕೊಂಡು ಬಂದಿದ್ದೇನೆ. ನಮ್ಮ ಶಿಕಾರಿಪುರದಲ್ಲಾಗಲಿ ಅಮ್ಮನ ತವರು ಸೊರಬದಲ್ಲಾಗಲಿ ಆಗ ಕಾಲೇಜು ಇರಲಿಲ್ಲ. ಓದಬೇಕೆಂದರೆ ಬಸ್ಸು ಹತ್ತಿ ದೊಡ್ಡ ಊರಿಗೆ ಹೋಗಿ ನೆಂಟರ ಮನೆಯಲ್ಲಿ ಇರಬೇಕು. ಯಾವ ಕಾಲೇಜು ಎಂದು ಮಾತ್ರ ಕೇಳಬೇಡಿ. ಅಲ್ಲಿ ನನ್ನ ಜೊತೆ ಓದಿದವರು ಕೆಲವರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಜಗಳಕ್ಕೆ ಬಂದಾರು.

ಆ ಕಾಲೇಜಿನಲ್ಲಿ ಹುಡುಗರು ಎಲ್ಲೆಲ್ಲಿ ಓದುತ್ತಿದ್ದರು ಎನ್ನುವುದಕ್ಕಿಂತ ಎಲ್ಲಿ ಓದುತ್ತಿರಲಿಲ್ಲ ಎಂದು ಹೇಳುವುದೇ ಸುಲಭ. ಬೇವಿನ ಮರದ ಬುಡದಲ್ಲಿ, ಮೈದಾನದ ಮೆಟ್ಟಿಲ ಮೇಲೆ, ಸೈಕಲ್ಲು ನಿಲ್ಲಿಸುವ ಕಡೆ, ಕಾಫಿ ಹೋಟೆಲಿನಲ್ಲಿ, ಎಲ್ಲ ಕಡೆ ಪುಸ್ತಕ ತೆರೆದಿರುತ್ತಿತ್ತು. ಕಣ್ಣು ಎಲ್ಲಿರುತ್ತಿತ್ತೋ ಅದು ಬೇರೆ ವಿಷಯ. ಎಲ್ಲಕ್ಕಿಂತ ಒಳ್ಳೆಯ ಜಾಗವೆಂದರೆ ವಾಚನಾಲಯದ ಕಿಟಕಿ ಪಕ್ಕದ ಉದ್ದ ಮೇಜು. ಒಳ್ಳೆ ಬೆಳಕು, ಒಳ್ಳೆ ಗಾಳಿ. ಹುಡುಗರು ಬೆಳಿಗ್ಗೆಯೇ ಬಂದು ಅದರ ಮೇಲೆ ಒಂದೊಂದು ಕರ್ಚೀಫು ಹಾಸಿ ಜಾಗ ಹಿಡಿದು ಹೋಟೆಲಿಗೆ ಹೋಗಿಬಿಡುತ್ತಿದ್ದರು. ಇಡೀ ಬೆಳಗು ಅಲ್ಲಿ ಆ ಕರ್ಚೀಫುಗಳೇ ವಿದ್ಯಾಭ್ಯಾಸ ಮಾಡುತ್ತಿದ್ದವು.

ಹುಡುಗಿಯರು ನಾವು ಏಳು ಜನ. ನಮಗೆಂದು ಒಂದು ಲೇಡೀಸ್ ರೂಮು ಕೊಟ್ಟಿದ್ದರು. ಅದರಲ್ಲಿ ಒಂದು ಕನ್ನಡಿ, ಒಂದು ನೀರಿನ ಹೂಜಿ, ಒಂದು ಬೆಂಚು. ಕಿಟಕಿ ಇತ್ತು, ಆದರೆ ಅದಕ್ಕೆ ಅರ್ಧದವರೆಗೆ ಬಣ್ಣ ಬಳಿದಿದ್ದರು. ಸೇರಿದ ಮೊದಲ ವಾರ ನಾನು ಏನೂ ತಿಳಿಯದೆ ವಾಚನಾಲಯಕ್ಕೆ ಹೋಗಿ ಕಿಟಕಿ ಮೇಜಿನ ಮುಂದೆ ಕೂತುಬಿಟ್ಟೆ. ಅಲ್ಲಿ ಪುಸ್ತಕ ತೆಗೆದುಕೊಡುವ ರಂಗಯ್ಯ ಓಡಿಬಂದ.

“ಏಳಮ್ಮಾ, ಏಳು. ಅದು ಹುಡುಗರು ಕೂರೋ ಜಾಗ.”

“ಇಲ್ಲಿ ಯಾರೂ ಇಲ್ವಲ್ಲ?”

“ಕರ್ಚೀಫ್ ಐತಲ್ಲಮ್ಮಾ!”

ನಾನು ಎದ್ದೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ಕೇಳಿ. ಒಂದು ತುಂಡು ಬಟ್ಟೆಗೆ, ಅದೂ ಒಗೆಯದ ಬಟ್ಟೆಗೆ, ಹೆದರಿ ಎದ್ದು ಲೇಡೀಸ್ ರೂಮಿಗೆ ಹೋಗಿ ಹೂಜಿಯ ಪಕ್ಕ ಕೂತೆ. ಆ ವರ್ಷವೆಲ್ಲ ಅಲ್ಲೇ ಕೂತೆ.

ಪರೀಕ್ಷೆಗೆ ಮುಂಚೆ ಓದಿಕೊಳ್ಳಲು ರಜೆ ಕೊಟ್ಟರು. ಊರಿಗೆ ಬಂದೆ. ನನಗೆ ತಂದೆ ಇರಲಿಲ್ಲ. ನಾನೂ ಅಮ್ಮನೂ ದೊಡ್ಡಪ್ಪನ ಮನೆಯಲ್ಲಿ ಇದ್ದೆವು. ದೊಡ್ಡಪ್ಪ ತಾಲ್ಲೂಕು ಕಚೇರಿಯ ಮುಂದಿನ ಮರದ ಕೆಳಗೆ ಇಳಿಜಾರು ಮೇಜು ಇಟ್ಟುಕೊಂಡು ಅರ್ಜಿ ಬರೆಯುತ್ತಿದ್ದರು. ಊರಿಗೆಲ್ಲ ಅವರು ‘ಅರ್ಜಿ ಪರಮೇಶ್ವರಪ್ಪನವರು’. ಪಹಣಿ, ಖಾತೆ, ತಕರಾರು, ವಹಿವಾಟು ಎಂಬ ಮಾತುಗಳನ್ನು ಅವರು ಊಟಕ್ಕೆ ಕೂತಾಗಲೂ ಬಳಸುವರು. ನಮ್ಮ ನೆಲ ನಮ್ಮದೇ ಆದರೂ ನೆಲದ ಜಗಳದ ಮಾತುಗಳೆಲ್ಲ ಫಾರಸಿ, ಮರಾಠಿಯಿಂದ ಬಂದವು ಎಂದು ನನಗೆ ತಿಳಿಸಿದವರೂ ಅವರೇ. ‘ಕೂರು’, ‘ಏಳು’ ಎಂಬ ಎರಡು ಮಾತು ಮಾತ್ರ ಅಚ್ಚ ಕನ್ನಡ. ಮನೆಯಲ್ಲಿ ಅವೆರಡನ್ನೂ ಹೇಳುವ ಅಧಿಕಾರ ಅವರೊಬ್ಬರಿಗೇ ಇತ್ತು.

ನನ್ನನ್ನು ಕಾಲೇಜಿಗೆ ಕಳಿಸಿದವರೂ ದೊಡ್ಡಪ್ಪನೇ. ಅದನ್ನು ನಾನು ಮರೆಯುವವಳಲ್ಲ. ಆದರೆ ಕಳಿಸುವಾಗ ಒಂದು ಷರತ್ತು ಹಾಕಿದ್ದರು. “ನೋಡು ಸರೋಜಾ, ಒಂದು ಸಲ ಫೇಲಾದ್ಯೋ, ಅಲ್ಲಿಗೆ ಮುಗೀತು. ಗಂಡು ನೋಡ್ತೀನಿ.” ಅವರ ಮಗ ಶೇಖರನಿಗೂ ಅದೇ ವರ್ಷ ಪರೀಕ್ಷೆ. ಅವನು ಅದಾಗಲೇ ಒಂದು ಸಲ ಫೇಲಾಗಿದ್ದ. ಅವನಿಗೆ ಯಾರೂ ಹೆಣ್ಣು ನೋಡಲಿಲ್ಲ, ಬಾದಾಮಿ ಹಾಲು ಮಾಡಿಕೊಟ್ಟರು.

ಆ ಕಾಲದಲ್ಲಿ ಓದುವುದೆಂದರೆ ಬಾಯಿಬಿಟ್ಟು ಓದುವುದು. ಹಿರಿಯರು ಪಕ್ಕದ ಕೋಣೆಯಲ್ಲಿ ಕೂತು ಕಿವಿಯಲ್ಲೇ ಓದಿನ ಅಳತೆ ತೆಗೆಯುವರು. ದನಿ ಕೇಳಿದರೆ ಹುಡುಗ ಓದುತ್ತಿದ್ದಾನೆ, ದನಿ ನಿಂತರೆ ನಿದ್ದೆ ಹೋದ. ಶೇಖರ ಮಾಳಿಗೆಯ ಮೇಲೆ ಓದಿನ ಹೆಸರಲ್ಲಿ ಒದರುತ್ತಿದ್ದ. ಕೆಳಗೆ ನಾವೆಲ್ಲ ಪಾತ್ರೆ ಸದ್ದಾಗದಂತೆ ತುದಿಗಾಲಲ್ಲಿ ಓಡಾಡುತ್ತಿದ್ದೆವು. ಬೇಸರವಾದರೆ ಅವನು ಕೆರೆ ಏರಿಗೆ ಹೋಗುತ್ತಿದ್ದ. ರಜೆಗೆ ಬಂದ ಊರಿನ ಹುಡುಗರೆಲ್ಲ ಪುಸ್ತಕ ಹಿಡಿದು ಆ ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ಅಡ್ಡಾಡುತ್ತ ಓದುತ್ತಿದ್ದರು. ಪಾಠ ಎಷ್ಟು ತಲೆಗೆ ಹೋಯಿತೋ ಕಾಣೆ, ಏರಿಯ ಮೇಲೊಂದು ಚೊಕ್ಕ ಕಾಲುದಾರಿ ಮಾತ್ರ ಬಿದ್ದಿತ್ತು.

ನಾನು ಗಟ್ಟಿಯಾಗಿ ಓದುವ ಹಾಗಿರಲಿಲ್ಲ. ಹೆಣ್ಣಿನ ದನಿ ಜಗಲಿ ದಾಟಬಾರದು, ಜಗಲಿಯಲ್ಲಿ ಸದಾ ದೊಡ್ಡಪ್ಪನ ಕಕ್ಷಿಗಾರರು ಕೂತಿರುತ್ತಿದ್ದರು. ಸರಿ, ಮನಸ್ಸಿನಲ್ಲೇ ಓದೋಣ ಎಂದು ಅಡುಗೆಮನೆಯ ಮೂಲೆಯಲ್ಲಿ ಪುಸ್ತಕ ತೆರೆದರೆ ಇನ್ನೊಂದು ಫಜೀತಿ. ತುಟಿ ಅಲ್ಲಾಡದೆ ಕೂತ ಹೆಣ್ಣು ನಮ್ಮವರ ಕಣ್ಣಿಗೆ ‘ಸುಮ್ಮನೆ ಕೂತ’ ಹೆಣ್ಣು. “ಸುಮ್ನೆ ಕೂತಿದ್ದೀಯಲ್ಲ, ಈ ಕಾಳು ಸ್ವಲ್ಪ ಬಿಡ್ಸು.” “ಸುಮ್ನೆ ಕೂತಿದ್ದೀಯಲ್ಲ, ಹಾಲು ಉಕ್ಕೀತು ನೋಡು.” ಹೀಗೆ ಮೂರು ದಿನ ಸುಮ್ಮನೆ ಕೂತು ನಾನು ಎರಡು ಮೊರ ಅವರೆಕಾಳು ಬಿಡಿಸಿದೆ, ಸಸ್ಯಶಾಸ್ತ್ರದಲ್ಲಿ ಒಂದೂವರೆ ಪುಟ ಓದಿದೆ. ಫೇಲಾಗುವುದು ಖಂಡಿತ ಅನ್ನಿಸಿತು.

ಮಧ್ಯಾಹ್ನ ದೊಡ್ಡಪ್ಪನಿಗೆ ಬುತ್ತಿ ಕೊಟ್ಟು ಬರುವ ಕೆಲಸ ನನ್ನದು. ಕಚೇರಿಯಿಂದ ಮನೆಗೆ ಬರುವ ದಾರಿಯಲ್ಲಿ ಸಂತೆ ನಡೆಯುವ ಬಯಲು. ಅಲ್ಲಿ ಸಾಲಾಗಿ ಕಟ್ಟೆಗಳು, ಮೇಲೆ ಹಳೆಯ ತಗಡು. ವಾರದಲ್ಲಿ ಒಂದೇ ದಿನ ಸಂತೆ, ಉಳಿದ ಆರು ದಿನ ಒಂದೆರಡು ಆಡು ಬಿಟ್ಟರೆ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ನಾಲ್ಕನೆಯ ದಿನ ನಾನು ಬುತ್ತಿಚೀಲದ ತಳದಲ್ಲಿ ಪುಸ್ತಕ ಇಟ್ಟುಕೊಂಡು ಹೋದೆ. ವಾಪಸು ಬರುವಾಗ ಮೂಲೆಯ ಒಂದು ಕಟ್ಟೆ ಹತ್ತಿ ಕೂತು ಎರಡು ತಾಸು ಓದಿದೆ. ಯಾರೂ ಕಾಳು ಬಿಡಿಸು ಅನ್ನಲಿಲ್ಲ. ಮನೆಗೆ ಬಂದಾಗ ಅಮ್ಮ, ಸೊರಬದವಳು, ರಾಗವಾಗಿ ಕೇಳಿದಳು: “ಎಂತಕ್ಕೆ ಇಷ್ಟು ಹೊತ್ತಾಯ್ತೇ?” “ದೊಡ್ಡಪ್ಪ ಊಟಕ್ಕೆ ತಡ ಮಾಡಿದ್ರು” ಅಂದೆ. ಹಾಗೆ ಸುಳ್ಳು ಹೇಳಿದ್ದಕ್ಕೆ ನನಗೆ ಆಗಲೂ ಪಶ್ಚಾತ್ತಾಪವಾಗಲಿಲ್ಲ, ಈಗಲೂ ಇಲ್ಲ.

ಒಂದೇ ಒಂದು ತೊಂದರೆ. ಆ ಕಟ್ಟೆಯ ಮೇಲೆ ಕೂತರೆ ಸೀನು ಬರುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಯಾಕೆಂದು ಸಂತೆಯ ದಿನ ತಿಳಿಯಿತು. ಅವತ್ತು ಸಂತೆ ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಪರೀಕ್ಷೆಗೆ ಹತ್ತೇ ದಿನ ಉಳಿದಿತ್ತು, ಕಾಲು ತಾನಾಗಿಯೇ ಆ ಕಡೆ ಹೋಯಿತು. ನೋಡುತ್ತೇನೆ, ನನ್ನ ಕಟ್ಟೆಯ ಮೇಲೆ ಒಣಮೆಣಸಿನಕಾಯಿಯ ಕೆಂಪು ರಾಶಿ. ರಾಶಿಯ ಹಿಂದೆ ಕಾಸಿನಗಲ ಕುಂಕುಮ ಇಟ್ಟ ಒಬ್ಬ ಹೆಂಗಸು.

ನನಗೇನು ತಲೆ ಕೆಟ್ಟಿತ್ತೋ, “ಇದು ನನ್ನ ಜಾಗ” ಅಂದೆ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನಿನ್ನ ಜಾಗನಾ? ಹೌದನ ತಂಗಿ? ಹಂಗಾರೆ ನಿನ್ನ ಕಲ್ಲು ಎಲ್ಲೈತಿ?”

ಅವಳ ಹೆಸರು ಹಾಲವ್ವ. ಹೆಸರಿನಲ್ಲಿ ಹಾಲು, ವ್ಯಾಪಾರ ಮೆಣಸಿನಕಾಯಿಯದು. ಜಡೆ ಎಂಬ ಊರಿನ ಕಡೆಯವಳು. ಸೊರಬದ ಸಂತೆ ಮುಗಿಸಿಕೊಂಡು ನಮ್ಮೂರ ಸಂತೆಗೆ ಬರುತ್ತಿದ್ದಳು. ಕಲ್ಲಿನ ವಿಷಯ ನನಗೆ ತಿಳಿಸಿಕೊಟ್ಟವಳು ಅವಳೇ. ಸಂತೆಯಲ್ಲಿ ಕೂರುವ ಪ್ರತಿಯೊಬ್ಬರಿಗೂ ಒಂದು ಕಲ್ಲು. ಅದನ್ನು ಕಟ್ಟೆಯ ಅಂಚಿಗೆ ಇಟ್ಟು ಕೂತರೆ ಆ ಹೊತ್ತಿಗೆ ಆ ಜಾಗ ಅವರದು. ಸಂತೆ ಕಳೆಯುವವರೆಗೆ ಯಾರೂ ಎಬ್ಬಿಸುವಂತಿಲ್ಲ. ಹಾಲವ್ವನ ಕಲ್ಲು ಅವಳ ಅತ್ತೆಯ ಕಾಲದ್ದು, ಕೂತು ಕೂತು ಅದೂ ಸವೆದು ನುಣ್ಣಗಾಗಿತ್ತು.

“ಆರು ದಿನ ನಾನೇ ಕೂರೋದು” ಎಂದು ನಾನೂ ಬಿಡಲಿಲ್ಲ. “ನಿಮ್ಮ ಮೆಣಸಿನಕಾಯಿ ಘಾಟು ಕುಡಿದು ಕುಡಿದು ಕಣ್ಣು ಹೋಯ್ತು ನಂದು.”

ಹಾಲವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಜಗಳಾ ಆಡಾಕ ಬರತೈತಿ, ಅಂದಮ್ಯಾಲೆ ಸಂತಿಗೆ ಲಾಯಕ್ಕು ಇದ್ದಿ. ಹೋಗು, ಒಂದು ಕಲ್ಲು ತಾ. ಇಲ್ಲೇ ಬಾಜೂಕ ಇಡು, ಕುಂದ್ರು.”

ರಸ್ತೆ ಬದಿಯಿಂದ ಒಂದು ಮುಷ್ಟಿಗಾತ್ರದ ಕಲ್ಲು ತಂದು ಕಟ್ಟೆಯ ಅಂಚಿಗೆ ಇಟ್ಟೆ. ಹಾಲವ್ವ ಮೊರ ಸರಿಸಿ ಜಾಗ ಮಾಡಿದಳು. ಪುಸ್ತಕ ತೆರೆದೆ. ಸುತ್ತಲೂ ಸಂತೆ ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳು, “ಬಾಯಿಗೇನು ಬೀಗಾ ಹಾಕ್ಕೊಂಡಿ? ಓದೋದಿದ್ರ ಗಟ್ಟಿಯಾಗಿ ಓದು, ನಾನೂ ಕೇಳ್ತೇನಿ” ಅಂದಳು.

ಗಟ್ಟಿಯಾಗಿ ಓದು ಎಂದು ನನಗೆ ಹುಟ್ಟಿದಾಗಿನಿಂದ ಯಾರೂ ಹೇಳಿರಲಿಲ್ಲ. ಮೊದಲು ಸ್ವಲ್ಪ ಗೊಣಗಿದೆ. ಕೇಳಿಸಲಿಲ್ಲ ಅಂದಳು. ಇನ್ನೂ ಸ್ವಲ್ಪ ಏರಿಸಿದೆ. ಪಕ್ಕದ ಕಟ್ಟೆಯ ಬದನೆಕಾಯಿಯವನು ನನಗಿಂತ ಜೋರಾಗಿ ಕೂಗಿದ. ನನಗೂ ರೋಷ ಬಂತು. ಗಂಟಲು ಬಿಚ್ಚಿ ಕಿರುಚಿದೆ. ಅಯ್ಯೋ, ಅದೇನು ಸುಖ ಅಂತೀರಿ! ನನ್ನ ದನಿ ಇಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಒಬ್ಬರೂ ತಿರುಗಿ ನೋಡಲಿಲ್ಲ. ಎಲ್ಲರೂ ಕೂಗುವ ಕಡೆ ಒಂದು ಹೆಣ್ಣಿನ ಕೂಗು ಯಾರಿಗೂ ಭಾರವಲ್ಲ. ಕಣ್ಣಲ್ಲಿ ನೀರು ಬಂತು. ಅದರಲ್ಲಿ ಸ್ವಲ್ಪ ಮೆಣಸಿನಕಾಯಿಯದು.

ಅವತ್ತಿನ ಪಾಠ ‘ಸೊಲನೇಸಿ’ ಎಂಬ ಸಸ್ಯ ಕುಟುಂಬ. ಐದು ಪುಷ್ಪಪತ್ರ ಕೂಡಿಕೊಂಡಿರುತ್ತವೆ, ಐದು ದಳ ಕೂಡಿಕೊಂಡಿರುತ್ತವೆ, ಕೇಸರವೂ ಐದು. ಇಂಗ್ಲಿಷಿನಲ್ಲಿ ಒಂದು ಸಲ ಒದರುವುದು, ಹಾಲವ್ವನಿಗೆ ಕನ್ನಡದಲ್ಲಿ ಒಂದು ಸಲ ಹೇಳುವುದು. ಮೆಣಸಿನಕಾಯಿ, ಬದನೆಕಾಯಿ, ಆಲೂಗಡ್ಡೆ, ಟೊಮೇಟೊ, ಹೊಗೆಸೊಪ್ಪು ಎಲ್ಲ ಒಂದೇ ಮನೆತನ ಎಂದಾಗ ಅವಳು ತಕ್ಕಡಿ ಕೆಳಗಿಟ್ಟಳು.

“ಅಲ್ಲಬೇ, ಈ ಬದನಿಕಾಯಿಯಂವ ಇಷ್ಟು ವರ್ಷ ನನ್ನ ಜೋಡಿ ಜಾಗಕ್ಕ ಬಡಿದಾಡ್ಯಾನ. ನಾವಿಬ್ರೂ ಅಣ್ಣ ತಮ್ಮಂದಿರ ಪೈಕಿ ಅಂತಿಯೇನು?”

“ಹೌದು. ಉಮ್ಮತ್ತಿ ಗಿಡಾನೂ ಇದೇ ಮನೆತನ. ತಿಂದರೆ ಹುಚ್ಚು ಹಿಡಿಯುತ್ತೆ.”

“ಎಲ್ಲಾರ ಮನ್ಯಾಗೂ ಅಂತಾದೊಂದು ಇರತೈತಿ ಬಿಡು” ಅಂದಳು ಹಾಲವ್ವ. ಸಸ್ಯಶಾಸ್ತ್ರವನ್ನು ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಳು.

ಅಷ್ಟರಲ್ಲಿ ಎದುರಿಗೆ ಕಪ್ಪು ಕೋಟು ಕಂಡಿತು. ದೊಡ್ಡಪ್ಪ ಹೊಗೆಸೊಪ್ಪು ಕೊಳ್ಳಲು ಬಂದಿದ್ದರು. ತಮ್ಮನ ಮಗಳು ಸಂತೆಯ ನಟ್ಟನಡುವೆ, ಮೆಣಸಿನಕಾಯಿ ರಾಶಿಯ ಪಕ್ಕ ಚಕ್ಕಳಮಕ್ಕಳ ಹಾಕಿಕೊಂಡು ಇಂಗ್ಲಿಷಿನಲ್ಲಿ ಕಿರುಚುತ್ತಿರುವುದನ್ನು ಕಂಡು ಅವರ ಮುಖ ನಮ್ಮ ರಾಶಿಗಿಂತ ಕೆಂಪಾಯಿತು.

“ಏನೇ ಇದು? ಮನೆ ಮರ್ಯಾದೆ ಹರಾಜು ಹಾಕೋಕೆ ಕೂತಿದ್ದೀಯ? ಏಳು ಮೇಲೆ! ನಡಿ ಮನೆಗೆ. ಪರೀಕ್ಷೆನೂ ಬೇಡ, ಕಾಲೇಜೂ ಬೇಡ. ಸಾಕು ಓದಿದ್ದು.”

ಒಂದು ವರ್ಷ ಹೂಜಿಯ ಪಕ್ಕ ಕೂತದ್ದು, ಅಮ್ಮ ನನ್ನ ಫೀಸಿಗೆಂದು ಪೆಟ್ಟಿಗೆಯಲ್ಲಿದ್ದ ಚಿನ್ನದ ಬಳೆ ತೆಗೆದುಕೊಟ್ಟದ್ದು, ಎಲ್ಲ ಈ ಒಂದು ಮಾತಿಗೆ ಮುಗಿದುಹೋಯಿತೇ ಅನ್ನಿಸಿತು. ಏಳಲು ಮಂಡಿ ಊರಿದೆ. ಹಾಲವ್ವ ನನ್ನ ಭುಜ ಹಿಡಿದು ಕೂರಿಸಿದಳು.

“ಎಬ್ಸಂಗಿಲ್ರೀ ಅಪ್ಪಾರೇ. ಹುಡುಗಿ ಕಲ್ಲು ಇಟ್ಟು ಕುಂತಾಳ.”

“ಇದು ನಮ್ಮ ಮನೆ ವಿಷಯ. ನೀನು ಮೆಣಸಿನಕಾಯಿ ಮಾರು.”

“ಮನಿ ಇಚಾರ ಮನ್ಯಾಗ ಮಾತಾಡ್ರಿ. ಇದು ಸಂತಿ. ಹ್ವಾದ ವರ್ಷ ಸುಂಕದ ಕಾಂಟ್ರ್ಯಾಕ್ಟರು ನಮ್ಮನ್ನ ಎಬ್ಸಾಕ ಬಂದಾಗ ಅರ್ಜಿ ಬರದು ಕೊಟ್ಟೋರು ಯಾರು? ನೀವೇ ಅಲ್ಲೇನ್ರೀ? ಮೂರು ಸಲ ಓದಿ ಹೇಳಿದ್ರಿ ನಮಗ.” ಹಾಲವ್ವ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ ದೊಡ್ಡಪ್ಪನ ಅರ್ಜಿಯನ್ನು ಅವರದೇ ಗತ್ತಿನಲ್ಲಿ ಒಪ್ಪಿಸಿದಳು: “‘ಪೂರ್ವದಿಂದ ನಡೆದು ಬಂದ ವಹಿವಾಟಿನ ಪ್ರಕಾರ, ಕಲ್ಲು ಇಟ್ಟು ಕೂತವರನ್ನು ಸಂತೆ ಕಳೆಯುವ ಪರ್ಯಂತರ, ಯಾರೇ ಆಗಲಿ, ಯಾವ ಕಾರಣಕ್ಕೇ ಆಗಲಿ, ಎಬ್ಬಿಸತಕ್ಕದ್ದಲ್ಲ.’ ಒಂದಕ್ಷರ ತಪ್ಪಿದ್ರ ಹೇಳ್ರಿ.”

ಒಂದಕ್ಷರವೂ ತಪ್ಪಿರಲಿಲ್ಲ. ಓದು ಬರಹ ಬಾರದ ಹಾಲವ್ವ ಕಿವಿಯಲ್ಲಿ ಕೇಳಿದ್ದನ್ನು ವರ್ಷವೆಲ್ಲ ಹಾಗೇ ಇಟ್ಟುಕೊಂಡಿದ್ದಳು. ಸುತ್ತಲ ಕಟ್ಟೆಯವರು ವ್ಯಾಪಾರ ನಿಲ್ಲಿಸಿ ನೋಡುತ್ತಿದ್ದರು. ಬದನೆಕಾಯಿಯವನು, ಹೊಸದಾಗಿ ಸಿಕ್ಕ ದಾಯಾದಿ, “ಹೌದ್ರೀ, ಕಲ್ಲು ಅಂದ್ರ ಕಲ್ಲು” ಎಂದು ದನಿಗೂಡಿಸಿದ. ದೊಡ್ಡಪ್ಪ ಏನೋ ಹೇಳಲು ಬಾಯಿ ತೆರೆದರು. ಆಗಲೇ ಘಾಟು ಮೂಗಿಗೆ ಹತ್ತಿತು. ಒಂದರ ಮೇಲೊಂದು ಏಳೆಂಟು ಸೀನು. ಸೀನುವ ಮನುಷ್ಯ ಎಷ್ಟು ಸಿಟ್ಟಿನಲ್ಲಿದ್ದರೂ ಭಯ ಹುಟ್ಟಿಸಲಾರ.

ನನಗೆ ಎಲ್ಲಿತ್ತೋ ಧೈರ್ಯ. “ದೊಡ್ಡಪ್ಪ, ಸಂತೆ ಕಳೀಲಿ, ಬರ್ತೀನಿ. ಫೇಲಾದ್ರೆ ನೀವು ಹೇಳಿದ ಹಾಗೆ ಕೇಳ್ತೀನಿ. ಅಲ್ಲೀವರೆಗೆ ಏಳೋದಿಲ್ಲ” ಅಂದೆ. ಅವರ ಮುಖಕ್ಕೆ ಎದುರಾಗಿ ನಾನು ಆಡಿದ ಮೊದಲ ‘ಇಲ್ಲ’ ಅದು.

ಅವರು ಮೂಗು ಒರೆಸಿಕೊಂಡು ದಾಪುಗಾಲು ಹಾಕಿದರು. ಆದರೆ ಮನೆಗೆ ಹೋಗಲಿಲ್ಲ. ಎದುರು ಸಾಲಿನ ಹೊಗೆಸೊಪ್ಪಿನವನ ಕಟ್ಟೆಯ ಮೇಲೆ ನನಗೆ ಬೆನ್ನು ತಿರುಗಿಸಿ ಕೂತರು. ಸಂತೆ ಕಳೆಯಲಿ ಎಂದು ಕಾಯುತ್ತಿದ್ದರು. ನಾನು ಏನು ಮಾಡಲಿ? ಓದಿದೆ. ಇದೇ ನನ್ನ ಕೊನೆಯ ಓದು ಅಂದುಕೊಂಡು ಆ ಬೆನ್ನಿಗೆ ಕೇಳಲಿ ಎಂದೇ ಓದಿದೆ. ಪುಟದ ಮೇಲೆ ಪುಟ ಮಗುಚಿದೆ. ಸೊಲನೇಸಿ ಮುಗಿದು ಅವರೆಕಾಳಿನ ಕುಟುಂಬ ಬಂತು. ಅದರ ಮೇಲೆ ನನಗೆ ಹಳೆಯ ದ್ವೇಷವಿತ್ತು, ಅದನ್ನಂತೂ ಊರು ಕೇಳುವ ಹಾಗೆ ಓದಿದೆ.

ಹೊತ್ತು ಇಳಿಯಿತು. ಹಾಲವ್ವ ಚೀಲ ಕಟ್ಟಿದಳು. ನಾನು ಇಳಿದು ದೊಡ್ಡಪ್ಪನ ಹಿಂದೆ ನಡೆದೆ. ಮನೆಯ ಮೆಟ್ಟಿಲ ಹತ್ತಿರ ಅವರು ನಿಂತು, ಕೈಯಲ್ಲಿದ್ದ ಹೊಗೆಸೊಪ್ಪಿನ ಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇದೂ ಬದನೆಕಾಯಿನೂ ಒಂದೇ ಮನೆತನ ಅಂದ್ಯಲ್ಲ. ಅದು ಹೇಗೆ?”

“ಹೂವು ನೋಡಿದ್ರೆ ಗೊತ್ತಾಗುತ್ತೆ ದೊಡ್ಡಪ್ಪ. ಎರಡಕ್ಕೂ ಐದೈದು.”

“ಹೂಂ” ಎಂದು ಒಳಗೆ ಹೋದರು. ಪರೀಕ್ಷೆ ಬೇಡವೆಂದ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮುಂದಕ್ಕೂ ತರಲಿಲ್ಲ. ಅರ್ಜಿ ಬರೆಯುವವರಿಗೆ ಯಾವ ಕಾಗದವನ್ನು ಕಟ್ಟಿನ ಅಡಿಯಲ್ಲಿ ಇಟ್ಟು ಮರೆಯಬೇಕು ಎನ್ನುವುದು ಚೆನ್ನಾಗಿ ಗೊತ್ತಿರುತ್ತದೆ. ಮಾರನೆಯ ದಿನ ಬುತ್ತಿ ಕೊಟ್ಟಾಗ, “ಬಿಸಿಲು ಜೋರಿದೆ, ಛತ್ರಿ ತಗೊಂಡು ಹೋಗು” ಎಂದರು. ಎಲ್ಲಿಗೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಪರೀಕ್ಷೆಯಲ್ಲಿ ಸೊಲನೇಸಿ ಬರಲೇ ಇಲ್ಲ. ಅಷ್ಟು ಕಿರುಚಿದ್ದಕ್ಕೆ ಅದಕ್ಕೆ ಸ್ವಲ್ಪವಾದರೂ ದಾಕ್ಷಿಣ್ಯ ಬೇಡವೇ? ಆದರೂ ಪಾಸಾದೆ. ಶೇಖರನೂ ಪಾಸಾದ. ಬಾದಾಮಿ ಹಾಲು ಈ ಸಲ ಇಬ್ಬರಿಗೂ ಸಿಕ್ಕಿತು.

ಎರಡನೆಯ ವರ್ಷಕ್ಕೆ ಹೊರಟಾಗ ಅಮ್ಮ ನನ್ನ ಟ್ರಂಕು ಎತ್ತಲು ಹೋಗಿ ಸೊಂಟ ಹಿಡಿದುಕೊಂಡಳು. “ಎಂತ ತುಂಬಿದೀಯೇ ಮಾರಾಯ್ತಿ, ಕಲ್ಲಾ?” “ಹೌದಮ್ಮಾ” ಅಂದೆ. ನಂಬಲಿಲ್ಲ.

ಕಾಲೇಜು ಶುರುವಾದ ದಿನ ಲೇಡೀಸ್ ರೂಮಿನ ಕಡೆ ತಿರುಗಿಯೂ ನೋಡದೆ ನೆಟ್ಟಗೆ ವಾಚನಾಲಯಕ್ಕೆ ಹೋದೆ. ‘ನಿಶ್ಶಬ್ದವಾಗಿರಿ’ ಎಂಬ ಹಲಗೆ ಅದೇ ಗೋಡೆಯ ಮೇಲಿತ್ತು. ಕಿಟಕಿ ಮೇಜಿನ ಮೇಲೆ ಕರ್ಚೀಫುಗಳು ಆಗಲೇ ಓದಲು ಕೂತಿದ್ದವು. ಒಂದರ ಮೇಲೆ ನನ್ನ ಕಲ್ಲು ಇಟ್ಟೆ, ಕುರ್ಚಿ ಎಳೆದು ಕೂತೆ. ರಂಗಯ್ಯ ಓಡಿಬಂದ, ಕಲ್ಲು ನೋಡಿದ, ನನ್ನನ್ನು ನೋಡಿದ. ಬಂದ ದಾರಿಯಲ್ಲೇ ಹಿಂದಕ್ಕೆ ಹೋದ. ಸ್ವಲ್ಪ ಹೊತ್ತಿಗೆ ಕರ್ಚೀಫಿನ ಒಡೆಯ ಹೋಟೆಲಿನಿಂದ ಬಂದ.

“ರೀ, ಇದು ನನ್ನ ಜಾಗ. ಇಲ್ಲಿ ನನ್ನ ಕರ್ಚೀಫ್ ಇತ್ತು.”

“ಇದೆಯಲ್ಲ, ಕಲ್ಲಿನ ಕೆಳಗೆ. ತಗೊಂಡು ಹೋಗಿ ಒಗೆಸಿ” ಎಂದೆ. “ಪೂರ್ವದಿಂದ ನಡೆದು ಬಂದ ವಹಿವಾಟಿನ ಪ್ರಕಾರ ಕಲ್ಲು ಇಟ್ಟು ಕೂತವರನ್ನು ಎಬ್ಬಿಸತಕ್ಕದ್ದಲ್ಲ.”

ಅವನಿಗೆ ಒಂದೂ ಅರ್ಥವಾಗಲಿಲ್ಲ. ಆದರೆ ‘ತಕ್ಕದ್ದಲ್ಲ’ ಎಂಬ ಮಾತಿನ ಮುಂದೆ ಕಾಲೇಜು ಹುಡುಗ ಎಷ್ಟು ಹೊತ್ತು ನಿಂತಾನು? ಕರ್ಚೀಫು ಎಳೆದುಕೊಂಡು ಹೋದ. ನಾನು ಪುಸ್ತಕದ ಮೊದಲ ಪುಟ ತೆಗೆದೆ, ಹಲಗೆಯ ಕಡೆ ಒಮ್ಮೆ ನೋಡಿದೆ, ಆಮೇಲೆ ಗಂಟಲು ಸರಿಮಾಡಿಕೊಂಡು ಓದತೊಡಗಿದೆ.

ಆ ವಾರ ಮುಗಿಯುವಷ್ಟರಲ್ಲಿ ಆ ಮೇಜಿನ ಮೇಲೆ ಏಳು ಕಲ್ಲುಗಳಿದ್ದವು.